ಓಲೆಸುಂಡ್: ಹಡಗು ಹೊರಟ ಮೇಲೂ ಉಳಿಯಬೇಕಾದ ಊರು

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಬರ್ಗನ್ ಮತ್ತು ಟ್ರೊಂಡ್‌ಹೈಮ್ ನಗರಗಳ ನಡುವೆ, ಕೆಲವು ದ್ವೀಪಗಳ ಮೇಲೆ ಹರಡಿಕೊಂಡಿರುವ ಓಲೆಸುಂಡ್‌ಗೆ ಬೇಸಿಗೆಯಲ್ಲಿ ಬರುವ ಪ್ರವಾಸಿಗರಲ್ಲಿ ಬಹಳಷ್ಟು ಜನ ಬೆಳಿಗ್ಗೆ ವಿಹಾರ ನೌಕೆಯಿಂದ ಇಳಿದು, ಗುಡ್ಡ ಹತ್ತಿ ಒಂದು ಫೋಟೊ ತೆಗೆದು, ಎರಡು ಬೀದಿ ಸುತ್ತಿ, ಸಂಜೆಯೊಳಗೆ ಮತ್ತೆ ನೌಕೆ ಸೇರಿಬಿಡುತ್ತಾರೆ. ಅವರು ನೋಡಿದ್ದು ಚೆಂದವೇ. ಆದರೆ ಊರು ತನ್ನ ಅಸಲು ಬೆಲೆಯನ್ನು ತೋರಿಸುವುದು ನೌಕೆಗಳು ಹೊರಟುಹೋದ ನಂತರ, ಮತ್ತು ಸ್ಥಳೀಯರು ದಿನನಿತ್ಯ ಬಳಸುವ ಬಸ್ಸು, ಫೆರಿಗಳನ್ನು ಹತ್ತಿ ಸುತ್ತಮುತ್ತಲಿನ ಫಿಯೋರ್ಡ್‌ಗಳಿಗೂ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಚಾಚುಗಳು) ದ್ವೀಪಗಳಿಗೂ ಹೋಗಿಬರುವವರಿಗೆ. ನಾರ್ವೆಯಲ್ಲಿ ಒಂದೇ ಊರಿನಲ್ಲಿ ಬಿಡಾರ ಹೂಡಿ ನಗರ, ಕಡಲು, ಬೆಟ್ಟ ಮೂರನ್ನೂ ನೋಡಬೇಕೆನ್ನುವವರಿಗೆ ನಾನು ಯಾವ ಹಿಂಜರಿಕೆಯೂ ಇಲ್ಲದೆ ಓಲೆಸುಂಡ್ ಹೆಸರು ಹೇಳುತ್ತೇನೆ. ಅಲ್ಲಿ ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಬೇಡ, ಯಾವುದು ಪುಕ್ಕಟೆಯಾಗಿಯೇ ಅತ್ಯುತ್ತಮ ಎಂಬುದನ್ನು ಕುಟುಂಬದೊಡನೆ ಅಲ್ಲಿ ಉಳಿದ ಅನುಭವದ ಮೇಲೆ ಇಲ್ಲಿ ಬರೆದಿದ್ದೇನೆ.

ಮೊದಲು ಊರಿನ ಕಟ್ಟಡಗಳ ಮಾತು, ಏಕೆಂದರೆ ಅವುಗಳ ಹಿನ್ನೆಲೆ ತಿಳಿಯದಿದ್ದರೆ ಅರ್ಧ ಸೊಗಸು ಕೈತಪ್ಪುತ್ತದೆ. 1904ರ ಜನವರಿ 23ರ ನಡುರಾತ್ರಿ ದಾಟಿದ ಮೇಲೆ, ಬಿರುಗಾಳಿ ಬೀಸುತ್ತಿದ್ದ ಹೊತ್ತಿನಲ್ಲಿ, ಇಲ್ಲಿನ ಒಂದು ಕಾರ್ಖಾನೆಯಲ್ಲಿ ಹೊತ್ತಿಕೊಂಡ ಬೆಂಕಿ ಮರದ ಮನೆಗಳಿಂದ ಮರದ ಮನೆಗಳಿಗೆ ಹಾರಿ ಸುಮಾರು 850 ಮನೆಗಳನ್ನು ಸುಟ್ಟುಹಾಕಿತು. ಹತ್ತು ಸಾವಿರದಷ್ಟು ಜನ ಚಳಿಗಾಲದ ನಡುವೆ ಬೀದಿಗೆ ಬಿದ್ದರು. ಸತ್ತವರು ಒಬ್ಬರೇ ಎಂಬುದು ಇಂದಿಗೂ ನಂಬಲು ಕಷ್ಟವೆನಿಸುವ ಸಂಗತಿ. ಈ ಭಾಗಕ್ಕೆ ಆಗಾಗ ವಿಹಾರಕ್ಕೆ ಬರುತ್ತಿದ್ದ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಆಹಾರ, ಔಷಧ, ಕಟ್ಟಡ ಸಾಮಗ್ರಿ ತುಂಬಿದ ಹಡಗುಗಳನ್ನು ಕಳುಹಿಸಿಕೊಟ್ಟ; ಅವನ ಹೆಸರಿನ ಬೀದಿಯೊಂದು ಈಗಲೂ ಇದೆ. ಮುಂದಿನ ಮೂರು ವರ್ಷಗಳಲ್ಲಿ, ಅಂದರೆ 1907ರ ಹೊತ್ತಿಗೆ, ಊರಿನ ನಡುಭಾಗ ಕಲ್ಲು ಮತ್ತು ಇಟ್ಟಿಗೆಯಲ್ಲಿ ಮತ್ತೆ ಎದ್ದು ನಿಂತಿತು. ಆಗ ಯುರೋಪಿನಲ್ಲಿ ಚಾಲ್ತಿಯಲ್ಲಿದ್ದ ಆರ್ಟ್ ನೂವೊ ಶೈಲಿಯನ್ನು, ಇಲ್ಲಿನವರ ಮಾತಿನಲ್ಲಿ ಯೂಗೆಂಡ್‌ಸ್ಟಿಲ್ ಅನ್ನು, ಜರ್ಮನಿಯಲ್ಲಿಯೂ ಸ್ವದೇಶದಲ್ಲಿಯೂ ಕಲಿತ ನಾರ್ವೆಯ ತರುಣ ವಾಸ್ತುಶಿಲ್ಪಿಗಳು ಇಡೀ ಊರಿಗೆ ತೊಡಿಸಿದರು. ಬೇರೆ ನಗರಗಳಲ್ಲಿ ಈ ಶೈಲಿಯ ಕಟ್ಟಡ ಅಲ್ಲೊಂದು ಇಲ್ಲೊಂದು ಸಿಕ್ಕರೆ, ಇಲ್ಲಿ ಬೀದಿಗೆ ಬೀದಿಯೇ ಅದರಲ್ಲಿ ಕಟ್ಟಿದ್ದು.

ಆದ್ದರಿಂದ ಈ ಊರನ್ನು ತಲೆ ಎತ್ತಿಕೊಂಡು ನೋಡಬೇಕು. ನೆಲಮಹಡಿಯಲ್ಲಿ ಎಲ್ಲ ಊರಿನಂತೆ ಬಟ್ಟೆ ಅಂಗಡಿ, ಕಾಫಿ ಅಂಗಡಿಗಳಿವೆ. ಎರಡನೆಯ ಮಹಡಿಯಿಂದ ಮೇಲಕ್ಕೆ ಕಿಟಕಿಯ ಅಂಚಿನಲ್ಲಿ ಕಲ್ಲಿನ ಹೂಬಳ್ಳಿ, ಬಾಗಿಲ ನೆತ್ತಿಯಲ್ಲಿ ಕಣ್ಣು ಮುಚ್ಚಿದ ಹೆಣ್ಣಿನ ಮುಖ, ಮೂಲೆಗಳಲ್ಲಿ ಈರುಳ್ಳಿ ಆಕಾರದ ಸಣ್ಣ ಗೋಪುರಗಳು, ಹಳೆಯ ವೈಕಿಂಗ್ ಕೆತ್ತನೆಯಿಂದ ಎತ್ತಿಕೊಂಡ ಹೆಣೆದ ಹಾವುಗಳು ಕಾಣಿಸುತ್ತವೆ. ಗೋಡೆಗಳ ಬಣ್ಣವೂ ತೆಳು ಹಳದಿ, ಮಾಸಲು ಹಸಿರು, ಗುಲಾಬಿ, ಬೂದು ಎಂದು ಒಂದಕ್ಕೊಂದು ಒಪ್ಪುವಂತಿದೆ. ಅಪೊಟೇಕರ್‌ಗಾತಾ ಬೀದಿಯ ತುದಿಯಲ್ಲಿರುವ ಹಳೆಯ ಹಂಸ ಔಷಧಾಲಯದ ಕಟ್ಟಡವೇ ಇಂದು ಯೂಗೆಂಡ್‌ಸ್ಟಿಲ್ ವಸ್ತುಸಂಗ್ರಹಾಲಯ. ಔಷಧ ಅಂಗಡಿಯ ಕಾಲದ ಮರದ ಕಪಾಟುಗಳು, ಕೆತ್ತನೆಯ ಮೆಟ್ಟಿಲು, ಮೇಲ್ಮಹಡಿಯಲ್ಲಿ ಮಾಲೀಕರ ಊಟದ ಕೋಣೆ ಎಲ್ಲವನ್ನೂ ಹಾಗೆಯೇ ಉಳಿಸಿದ್ದಾರೆ. ಬೆಂಕಿಯ ಕಥೆಯನ್ನು ಹೇಳುವ ಕಿರು ಪ್ರದರ್ಶನವನ್ನು ನೋಡಿ ಹೊರಬಂದರೆ ಅದೇ ಬೀದಿ ಬೇರೆಯದಾಗಿ ಕಾಣುತ್ತದೆ. ಟಿಕೆಟ್ ಕೊಟ್ಟು ನೋಡಬೇಕಾದ ಜಾಗಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ, ಮತ್ತು ಊರಿಗೆ ಬಂದ ಮೊದಲ ದಿನವೇ ನೋಡಬೇಕೆಂದು ಒತ್ತಾಯಿಸುತ್ತೇನೆ.

ಅಕ್ಸ್ಲಾ ಗುಡ್ಡದ ವಿಷಯಕ್ಕೆ ಬಂದರೆ, ನಗರ ಉದ್ಯಾನದಿಂದ 418 ಮೆಟ್ಟಿಲು ಹತ್ತಿದರೆ ಫ್ಯೆಲ್‌ಸ್ತುವಾ ಎಂಬ ನೋಟದ ತಾಣ ಸಿಗುತ್ತದೆ, ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಓಲೆಸುಂಡ್ ಎಂದು ಹುಡುಕಿದರೆ ಸಿಗುವ ಪ್ರತಿಯೊಂದು ಚಿತ್ರವೂ ಇಲ್ಲಿಂದಲೇ ತೆಗೆದದ್ದು: ಕಡಲಿಗೆ ಚಾಚಿದ ಕಿರಿದಾದ ನೆಲದ ಮೇಲೆ ಒತ್ತೊತ್ತಾಗಿ ನಿಂತ ಮನೆಗಳು, ಎರಡು ಬದಿಯಲ್ಲೂ ನೀರು, ಆಚೆ ದ್ವೀಪಗಳು, ಹಿಂದಕ್ಕೆ ತಿರುಗಿದರೆ ಸುನ್‌ಮೋರೆ ಪರ್ವತಗಳ ಸಾಲು. ಮೆಟ್ಟಿಲುಗಳು ಸರಿಯಾಗಿವೆ, ನಡುನಡುವೆ ಕೂರಲು ಬೆಂಚುಗಳಿವೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಬಂದವರು ಹಿಂಬದಿಯ ರಸ್ತೆಯಿಂದ ಕಾರಿನಲ್ಲಿ ಮೇಲಿನವರೆಗೂ ಹೋಗಬಹುದು. ವಿಹಾರ ನೌಕೆ ಬಂದಿರುವ ದಿನ ಹಗಲಿನಲ್ಲಿ ಮಾತ್ರ ಇಲ್ಲಿಗೆ ಹೋಗಬೇಡಿ, ಕಟಕಟೆಯ ಹತ್ತಿರ ನಿಲ್ಲಲು ಜಾಗ ಸಿಗುವುದಿಲ್ಲ. ಜೂನ್ ತಿಂಗಳಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಸೂರ್ಯ ಮುಳುಗುವ ಊರಿದು. ಊಟ ಮುಗಿಸಿ ನಿಧಾನವಾಗಿ ಹತ್ತಿದರೂ ಬೆಳಕು ಇರುತ್ತದೆ, ಜನ ಇರುವುದಿಲ್ಲ. ಉದ್ಯಾನದಲ್ಲಿರುವ ರೋಲ್ಲೊನ ಪ್ರತಿಮೆಯನ್ನು ಇಳಿಯುವಾಗ ಗಮನಿಸಿ. ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯಕ್ಕೆ ತಳಹದಿ ಹಾಕಿದ ಈ ವೈಕಿಂಗ್ ನಾಯಕ ಇಲ್ಲಿಗೆ ಸಮೀಪದ ಗಿಸ್ಕೆ ದ್ವೀಪದವನೆಂದು ಇಲ್ಲಿನವರ ನಂಬಿಕೆ, ಪ್ರತಿಮೆಯನ್ನು 1911ರಲ್ಲಿ ಫ್ರಾನ್ಸಿನ ರುವಾನ್ ನಗರ ಕೊಟ್ಟದ್ದು.

ಮೇಲಿನಿಂದ ನೋಡಿದ ಊರನ್ನು ನೀರಿನ ಮಟ್ಟದಿಂದಲೂ ನೋಡಬೇಕು, ಅದಕ್ಕೆ ಕಯಾಕಿಂಗ್ ಅತ್ಯುತ್ತಮ ದಾರಿ. ಊರನ್ನು ಎರಡಾಗಿ ಸೀಳುವ ಬ್ರೂಸುಂಡೆಟ್ ಕಾಲುವೆಯಿಂದ ಮಾರ್ಗದರ್ಶಿಯ ಜೊತೆ ಹೊರಡುವ ಗುಂಪುಗಳಿಗೆ ಈಜು ಬಂದರೂ ಬಾರದಿದ್ದರೂ ಜೀವರಕ್ಷಕ ಜಾಕೆಟ್ ಕಡ್ಡಾಯ, ಮತ್ತು ಹೊರಡುವ ಮುನ್ನ ದಡದಲ್ಲಿಯೇ ಹುಟ್ಟು ಹಿಡಿಯುವ ಬಗೆ, ದೋಣಿ ಮಗುಚಿದರೆ ಹೊರಬರುವ ಬಗೆ ಎರಡನ್ನೂ ತಾಳ್ಮೆಯಿಂದ ಕಲಿಸುತ್ತಾರೆ. ನೀರಿಗಿಳಿದ ಮೇಲೆ ಕಾಲುವೆಯ ಎರಡೂ ಕಡೆಯ ಹಳೆಯ ಮೀನು ಗೋದಾಮುಗಳು ತಲೆಯ ಮೇಲೆ ಎದ್ದು ನಿಲ್ಲುತ್ತವೆ. ಅವುಗಳನ್ನು ಹೊತ್ತ ಮರದ ಕಂಬಗಳನ್ನು ಹತ್ತಿರದಿಂದ ನೋಡಿದರೆ ಉಬ್ಬರದ ಗೆರೆಯವರೆಗೂ ಬಿಳಿಯ ಚಿಪ್ಪಿನ ಹುಳುಗಳು ಒರಟಾಗಿ ಮೆತ್ತಿಕೊಂಡಿರುತ್ತವೆ, ಅದರ ಕೆಳಗೆ ಕಂದು ಬಣ್ಣದ ಕಡಲಪಾಚಿ ನೀರಿನ ಸೆಳೆತಕ್ಕೆ ಒಂದೇ ಕಡೆಗೆ ಬಾಗಿರುತ್ತದೆ, ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲುಗಳ ಬಣ್ಣ ಕೂಡ ಗೊತ್ತಾಗುತ್ತದೆ. ಗೋದಾಮಿನ ಮುಂಬದಿಯಲ್ಲಿ ಮೀನಿನ ಮೂಟೆಗಳನ್ನು ದೋಣಿಯಿಂದ ನೇರವಾಗಿ ಮೇಲೆತ್ತಲು ಇಟ್ಟಿದ್ದ ರಾಟೆಯ ತೊಲೆಗಳು ಈಗಲೂ ಚಾಚಿಕೊಂಡಿವೆ. ಬೀದಿಯಿಂದ ನೋಡಿದಾಗ ಬೆನ್ನು ತೋರಿಸುವ ಈ ಕಟ್ಟಡಗಳು ಮುಖ ಮಾಡಿರುವುದು ನೀರಿನ ಕಡೆಗೆ ಎಂಬುದು ದೋಣಿಯಲ್ಲಿ ಕುಳಿತಾಗಲೇ ಮನದಟ್ಟಾಗುತ್ತದೆ. ಬಂದರಿನ ಹೊರಗೆ ಗಾಳಿ ಇದ್ದರೆ ಅಲೆ ಜೋರಾಗುತ್ತದೆ, ಅಂಥ ದಿನ ಮಾರ್ಗದರ್ಶಿ ಒಳಗಿನ ನೀರಿನಲ್ಲಿಯೇ ಸುತ್ತಿಸಿ ಕರೆತಂದರೆ ಬೇಸರಪಡಬಾರದು, ಅದು ಅವರ ಜವಾಬ್ದಾರಿ. ಬೆಲೆ ಹೆಚ್ಚೇ, ಆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಊರಿನಿಂದ ಮೂರು ಕಿಲೋಮೀಟರ್ ಪಶ್ಚಿಮಕ್ಕೆ ಟುವೆನೆಸ್ ಎಂಬಲ್ಲಿರುವ ಅಟ್ಲಾಂಟಿಕ್ ಸೀ ಪಾರ್ಕ್ ಮಕ್ಕಳಿರುವ ಕುಟುಂಬಗಳಿಗೆ ಅರ್ಧ ದಿನದ ಕಾರ್ಯಕ್ರಮ. ಉತ್ತರ ಯುರೋಪಿನ ದೊಡ್ಡ ಉಪ್ಪುನೀರಿನ ಮತ್ಸ್ಯಾಲಯಗಳಲ್ಲಿ ಒಂದಾದ ಇಲ್ಲಿ ಬಣ್ಣಬಣ್ಣದ ಉಷ್ಣವಲಯದ ಮೀನುಗಳಿಗಿಂತ ಈ ಕರಾವಳಿಯ ಸ್ವಂತ ಮೀನುಗಳಿಗೇ ಪ್ರಾಧಾನ್ಯ. 40 ಲಕ್ಷ ಲೀಟರಿನ ದೊಡ್ಡ ತೊಟ್ಟಿಯಲ್ಲಿ ಕಾಡ್, ಹ್ಯಾಲಿಬಟ್ ಮೀನುಗಳ ನಡುವೆ ಮುಳುಗುಗಾರರು ಇಳಿದು ಆಹಾರ ಕೊಡುವ ಹೊತ್ತಿಗೆ ಸರಿಯಾಗಿ ಹೋಗಿ, ಉಳಿದ ಹೊತ್ತಿನಲ್ಲಿ ಅಷ್ಟು ಸ್ವಾರಸ್ಯವಿಲ್ಲ. ದೊಡ್ಡವರು ಮಾತ್ರ ಹೋಗುವುದಾದರೆ ಟಿಕೆಟ್ ಹಣ ಉಳಿಸಿ, ಅದರ ಸುತ್ತಲಿನ ಕಡಲ ದಂಡೆಯ ಕಾಲುದಾರಿಯಲ್ಲಿ ನಡೆದರೂ ಸಾಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಕಟ್ಟಿದ ಕಾವಲು ನೆಲೆಗಳ ಕಾಂಕ್ರೀಟ್ ಅವಶೇಷಗಳು ಬಂಡೆಗಳ ನಡುವೆ ಸಿಗುತ್ತವೆ.

ಈಗ ಫೆರಿಗಳ ಮಾತು. ಈ ಊರಿನಲ್ಲಿ ನಾನು ಅತ್ಯಂತ ಮೆಚ್ಚಿದ ಸೇವೆ ಇದು, ಮತ್ತು ಪ್ರವಾಸದ ಜಾಹೀರಾತುಗಳಲ್ಲಿ ಅತ್ಯಂತ ಕಡಿಮೆ ಕಾಣಿಸುವುದೂ ಇದೇ. ಓಲೆಸುಂಡ್‌ನಿಂದ ಗೈರಂಗರ್ ಫಿಯೋರ್ಡ್‌ಗೆ ನೇರವಾಗಿ ಹೋಗಿಬರುವ ದಿನವಿಡೀ ದೋಣಿ ಪ್ರವಾಸಗಳಿವೆ. ಆರಾಮದಾಯಕವಾಗಿವೆ, ಕಾರು ಓಡಿಸಲಾಗದವರಿಗೆ ಅವು ಸರಿಯಾದ ಆಯ್ಕೆ. ಆದರೆ ನಾವು ಹೊರಡಬೇಕಿದ್ದ ಒಂದು ಪ್ರವಾಸವನ್ನು ಆಯೋಜಕರು ಹಿಂದಿನ ರಾತ್ರಿ ತಡವಾಗಿ, ಜನ ಸಾಲದೆಂದು ಹೇಳಿ ರದ್ದು ಮಾಡಿದರು. ಹಣ ಮರಳಿ ಬಂತು, ನಿಜ. ಆದರೆ ಮರುದಿನ ಬೆಳಿಗ್ಗೆಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಸಮಯವನ್ನೇ ಕೊಡದೆ ಹೀಗೆ ಮಾಡುವುದು ದೂರದ ದೇಶದಿಂದ ರಜೆ ಹೊಂದಿಸಿಕೊಂಡು ಬಂದವರಿಗೆ ಸರಿಯಲ್ಲ. ಸಾಮಾನ್ಯ ಕಾರು ಫೆರಿಗಳು ಹೀಗೆ ಕೈಕೊಡುವುದಿಲ್ಲ, ಏಕೆಂದರೆ ಅವು ಇಲ್ಲಿನ ಜನರಿಗೆ ರಸ್ತೆಯ ಮುಂದುವರಿದ ಭಾಗ. ಶಾಲೆಗೆ ಹೋಗುವ ಮಕ್ಕಳು, ಹಾಲಿನ ಟ್ಯಾಂಕರ್, ಆಂಬ್ಯುಲೆನ್ಸ್ ಎಲ್ಲವೂ ಅವುಗಳಲ್ಲಿಯೇ ದಾಟಬೇಕು. ವಾಹನದ ನಂಬರ್ ಪ್ಲೇಟನ್ನು ಕ್ಯಾಮೆರಾ ಓದಿಕೊಳ್ಳುತ್ತದೆ, ಶುಲ್ಕ ಬಾಡಿಗೆ ಕಾರಿನ ಲೆಕ್ಕದಲ್ಲಿ ಆಮೇಲೆ ಬರುತ್ತದೆ.

ಆದ್ದರಿಂದ ಕಾರು ಓಡಿಸುವವರಿಗೆ ನನ್ನ ಶಿಫಾರಸು ಈ ಸುತ್ತು: ಓಲೆಸುಂಡ್‌ನಿಂದ ದಕ್ಷಿಣಕ್ಕೆ ಸೊಲಾವೋಗೆನ್ ಎಂಬಲ್ಲಿ ಫೆರಿ ಹತ್ತಿ ಫೆಸ್ಟೊಯಾದಲ್ಲಿ ಇಳಿದು, ಯೋರುಂಡ್ ಫಿಯೋರ್ಡ್‌ನ ದಡದಲ್ಲಿರುವ ಸೇಬೊ ತಲುಪಿ, ಅಲ್ಲಿಂದ ಇನ್ನೊಂದು ಫೆರಿಯಲ್ಲಿ ಆಚೆ ದಡದ ಲೆಕ್ನೆಸ್‌ಗೆ ದಾಟಿ, ನೊರಂಗ್ಸ್‌ದಾಲೆನ್ ಕಣಿವೆಯ ಮೂಲಕ ಹೆಲ್ಲೆಸಿಲ್ಟ್ ಸೇರುವುದು, ಹೆಲ್ಲೆಸಿಲ್ಟ್‌ನಿಂದ ಗೈರಂಗರ್‌ಗೆ ಹೋಗುವ ಕಾರು ಫೆರಿ ಫಿಯೋರ್ಡ್‌ನ ಉದ್ದಕ್ಕೂ ಸುಮಾರು ಒಂದು ತಾಸು ಸಾಗುತ್ತದೆ, ಗೈರಂಗರ್‌ನಿಂದ ಹನ್ನೊಂದು ಹಿಮ್ಮುರಿ ತಿರುವುಗಳ ಹದ್ದಿನ ರಸ್ತೆ ಏರಿ, ಐಡ್ಸ್‌ದಾಲ್‌ನಲ್ಲಿ ಮತ್ತೊಂದು ಪುಟ್ಟ ಫೆರಿ ದಾಟಿ, ಸಂಜೆಗೆ ಓಲೆಸುಂಡ್‌ಗೆ ಮರಳುವುದು. ಇಡೀ ದಿನ ಬೇಕು, ಬೆಳಿಗ್ಗೆ ಬೇಗ ಹೊರಡಬೇಕು. ಹೆಲ್ಲೆಸಿಲ್ಟ್‌ನ ಫೆರಿ ಮಾತ್ರ ಪ್ರವಾಸಿಗರಿಗಾಗಿಯೇ ಇರುವುದು, ಅದರ ಟಿಕೆಟ್ ಬೇರೆ, ಜುಲೈನಲ್ಲಿ ಮುಂಗಡವಾಗಿ ಕಾದಿರಿಸದಿದ್ದರೆ ಸಾಲಿನಲ್ಲಿ ಕಾಯಬೇಕಾಗುತ್ತದೆ. ನೊರಂಗ್ಸ್‌ದಾಲೆನ್ ರಸ್ತೆಯನ್ನು ಹಿಮಕುಸಿತದ ಭಯದಿಂದ ಚಳಿಗಾಲದಲ್ಲಿ ಮುಚ್ಚುತ್ತಾರೆ, ಹಾಗಾಗಿ ಇದು ಬೇಸಿಗೆಯ ಸುತ್ತು.

ಈ ದಾರಿಯಲ್ಲಿ ಗೈರಂಗರ್‌ಗಿಂತ ನನಗೆ ಹೆಚ್ಚು ಇಷ್ಟವಾದದ್ದು ಯೋರುಂಡ್ ಫಿಯೋರ್ಡ್. ಗೈರಂಗರ್ ಫಿಯೋರ್ಡ್ 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನ್ಯಾಯವೇ. ಏಳು ಸೋದರಿಯರು ಎಂದು ಕರೆಯುವ ಜಲಪಾತವೂ, ನೀರಿನಿಂದ ಇನ್ನೂರೈವತ್ತು ಮೀಟರ್ ಮೇಲಿನ ಬಂಡೆಯಂಚಿಗೆ ಅಂಟಿಕೊಂಡಿರುವ ಸ್ಕಾಗೆಫ್ಲೋ ಎಂಬ ಪಾಳುಬಿದ್ದ ಹೊಲಮನೆಯೂ ಮರೆಯುವಂಥವಲ್ಲ. ಆ ಹೊಲಮನೆಯಲ್ಲಿ 1993ರಲ್ಲಿ ನಾರ್ವೆಯ ರಾಜ ಐದನೆಯ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ ಬೆಳ್ಳಿಹಬ್ಬವನ್ನು ಆಚರಿಸಿಕೊಂಡಿದ್ದರು. ಆದರೆ ಅಲ್ಲಿ ನೌಕೆಗಳ ಸಂದಣಿ ಬಹಳ. 2026ರ ಜನವರಿಯಿಂದ ಈ ಪರಂಪರೆಯ ಫಿಯೋರ್ಡ್‌ಗಳೊಳಗೆ ಹತ್ತು ಸಾವಿರ ಟನ್ನೇಜಿಗಿಂತ ಚಿಕ್ಕ ಪ್ರಯಾಣಿಕ ಹಡಗುಗಳು ಹೊಗೆಯುಗುಳದೆ ಸಾಗಬೇಕೆಂಬ ನಿಯಮ ಜಾರಿಗೆ ಬಂದಿದೆ, ದೊಡ್ಡವುಗಳಿಗೆ 2032ರವರೆಗೆ ಗಡುವು ಇದೆ. ಅಲ್ಲಿನ ನೀರಿನ ಮೇಲೆ ತೂಗುವ ಹೊಗೆಯನ್ನು ನೋಡಿದವರಿಗೆ ಈ ನಿಯಮ ಎಷ್ಟು ಅಗತ್ಯವೆಂಬುದು ವಿವರಿಸಬೇಕಾಗಿಲ್ಲ. ಯೋರುಂಡ್ ಫಿಯೋರ್ಡ್‌ನಲ್ಲಾದರೋ ಎರಡೂ ಬದಿಯ ಚೂಪು ಶಿಖರಗಳು ನೇರವಾಗಿ ಉಪ್ಪುನೀರಿನಿಂದ ಮೇಲೇಳುತ್ತವೆ, ಅವುಗಳಲ್ಲಿ ಹೆಸರಾಂತ ಸ್ಲೋಗೆನ್ 1,564 ಮೀಟರ್ ಎತ್ತರ, ಮತ್ತು ಇಡೀ ಫೆರಿಯಲ್ಲಿ ನಮ್ಮಂಥ ಪ್ರವಾಸಿಗರ ಕಾರು ಬೆರಳೆಣಿಕೆಯಷ್ಟು.

ನೊರಂಗ್ಸ್‌ದಾಲೆನ್ ಕಣಿವೆಯಲ್ಲಿ ಕಾರು ನಿಲ್ಲಿಸಲೇಬೇಕಾದ ಜಾಗವೊಂದಿದೆ. 1908ರ ಮೇ ತಿಂಗಳಲ್ಲಿ ಬೆಟ್ಟದ ಒಂದು ಬದಿ ಕುಸಿದು ಹೊಳೆಗೆ ಅಡ್ಡಲಾಗಿ ಬಿತ್ತು, ನೀರು ನಿಂತು ಲಿಂಗ್‌ಸ್ಟೊಯ್ಲ್ ಸರೋವರವಾಯಿತು, ಬೇಸಿಗೆಯಲ್ಲಿ ದನ ಮೇಯಿಸಲು ಬರುತ್ತಿದ್ದವರ ಗುಡಿಸಲುಗಳು ಅದರಲ್ಲಿ ಮುಳುಗಿದವು. ರಸ್ತೆಯ ಪಕ್ಕದಲ್ಲಿಯೇ ದಡವಿದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಿದರೆ ನೀರಿನೊಳಗೆ ಮೊದಲು ಒಂದು ನೇರ ಗೆರೆ ಕಾಣುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಅದು ಕೈಯಿಂದ ಜೋಡಿಸಿದ ಕಲ್ಲಿನ ಬೇಲಿ ಎಂದು ತಿಳಿಯುತ್ತದೆ, ಅದರಾಚೆಗೆ ಗೋಡೆಯ ಚೌಕ, ಬಾಗಿಲಿದ್ದ ಖಾಲಿ ಜಾಗ, ಇನ್ನೂ ಕೊಳೆಯದೆ ನಿಂತಿರುವ ಮರದ ಬೊಡ್ಡೆಗಳು ಒಂದೊಂದಾಗಿ ಹೊರಬರುತ್ತವೆ. ನಮ್ಮ ಮಗಳು ಅಲ್ಲಿಂದ ಕದಲಲು ಬಹಳ ಹೊತ್ತು ಒಪ್ಪಲಿಲ್ಲ. ಈ ಪ್ರದೇಶದ ಬೆಟ್ಟಗಳು ಇಂದಿಗೂ ಪೂರ್ತಿ ಸುಮ್ಮನಿಲ್ಲ. 1934ರಲ್ಲಿ ಟಾಫ್ಯೋರ್ಡ್‌ನಲ್ಲಿ ಬಂಡೆ ಕುಸಿದು ಎದ್ದ ಅಲೆಗೆ 40 ಜನ ಬಲಿಯಾದರು. ಹೆಲ್ಲೆಸಿಲ್ಟ್ ಮತ್ತು ಗೈರಂಗರ್ ಎರಡಕ್ಕೂ ಅಪಾಯ ತರಬಲ್ಲ ಓಕ್ನೆಸ್ ಎಂಬ ಬಿರುಕುಬಿಟ್ಟ ಬೆಟ್ಟದ ಮೇಲೆ ಉಪಕರಣಗಳನ್ನು ನೆಟ್ಟು ಹಗಲು ರಾತ್ರಿ ಕಣ್ಣಿಟ್ಟಿದ್ದಾರೆ. ಇದು ಪ್ರವಾಸಿಗರು ಹೆದರಬೇಕಾದ ಮಾತಲ್ಲ, ಆದರೆ ಇಷ್ಟು ಚೆಲುವಾದ ಜಾಗದಲ್ಲಿ ಹೊಲಮನೆಗಳು ಏಕೆ ಬರಿದಾದವು ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ.

ನಡಿಗೆ ಮತ್ತು ಚಾರಣ ಇಷ್ಟಪಡುವವರು ಊರಿನ ಬಸ್ಸಿನಲ್ಲಿಯೇ ಹೆಸ್ಸಾ ದ್ವೀಪಕ್ಕೆ ಹೋಗಿ 314 ಮೀಟರಿನ ಸುಕ್ಕರ್‌ತೊಪ್ಪೆನ್ ಹತ್ತಬಹುದು. ಎತ್ತರ ಕಡಿಮೆಯೆಂದು ಹಗುರವಾಗಿ ತೆಗೆದುಕೊಳ್ಳಬಾರದು, ದಾರಿ ಕಡಿದಾಗಿದೆ, ಮಳೆ ಬಂದ ಮೇಲೆ ಬಂಡೆ ಜಾರುತ್ತದೆ, ಹಿಡಿತವಿರುವ ಬೂಟು ಇಲ್ಲದೆ ಹೋಗಲೇಬಾರದು. ಇದು ಚೆನ್ನಾಗಿ ಹತ್ತಿದವರು ಯೋರುಂಡ್ ಫಿಯೋರ್ಡ್‌ನ ಉರ್ಕೆ ಹಳ್ಳಿಯಿಂದ ಸಕ್ಸಾ ಶಿಖರಕ್ಕೆ ಪ್ರಯತ್ನಿಸಬಹುದು; 1,073 ಮೀಟರ್ ಎತ್ತರವನ್ನು ಬಹುತೇಕ ಕಡಲ ಮಟ್ಟದಿಂದಲೇ ಏರಬೇಕಾದ್ದರಿಂದ ಅದು ಅಭ್ಯಾಸವಿರುವವರ ಕೆಲಸ. ಬೇಸಾಯವಿಲ್ಲದ ತೆರೆದ ನೆಲದಲ್ಲಿ ಯಾರು ಬೇಕಾದರೂ ನಡೆಯಬಹುದೆಂಬ ಹಕ್ಕನ್ನು ನಾರ್ವೆ 1957ರ ಕಾನೂನಿನಲ್ಲಿಯೇ ಬರೆದಿಟ್ಟಿದೆ, ಪ್ರವೇಶ ಶುಲ್ಕ ಎಂಬುದೇ ಇಲ್ಲ. ಅದೇ ದೇಶದವರು ಬೆಟ್ಟ ಹತ್ತುವವರಿಗಾಗಿ ಮಾಡಿಕೊಂಡಿರುವ ನಿಯಮಗಳಲ್ಲಿ ಒಂದು, ಹೊತ್ತಿಗೆ ಸರಿಯಾಗಿ ಹಿಂತಿರುಗಿ, ಹಿಂತಿರುಗುವುದರಲ್ಲಿ ನಾಚಿಕೆಯೇನೂ ಇಲ್ಲ ಎನ್ನುತ್ತದೆ. ಮೋಡ ಕವಿದಾಗ ಇದನ್ನು ಅಕ್ಷರಶಃ ಪಾಲಿಸಬೇಕು. ನಾರ್ವೆಯ ಹವಾಮಾನ ಸಂಸ್ಥೆಯ ಮುನ್ಸೂಚನೆ ತಾಸುತಾಸಿಗೂ ಸಿಗುತ್ತದೆ, ಅದನ್ನು ನೋಡಿಯೇ ಆ ದಿನದ ಯೋಜನೆ ಹಾಕಿ. ಮಳೆ ಯಾವ ತಿಂಗಳಲ್ಲೂ ಬರಬಹುದು, ಗಾಳಿಯ ಜೊತೆ ಬರುವುದರಿಂದ ಕೊಡೆ ನಿಲ್ಲುವುದಿಲ್ಲ. ತಲೆಗವಸು ಇರುವ ಒಳ್ಳೆಯ ಮಳೆ ಜಾಕೆಟ್ ಮತ್ತು ಒಳಗೆ ಒಂದು ಉಣ್ಣೆಯ ಅಂಗಿ, ಜುಲೈ ತಿಂಗಳಲ್ಲಿಯೂ, ಪೆಟ್ಟಿಗೆಯಲ್ಲಿರಲಿ.

ದೊಡ್ಡ ಬೆಟ್ಟ ಬೇಡವೆನ್ನುವವರಿಗೆ ಆಲ್ನೆಸ್ ಇದೆ. 1987ರಲ್ಲಿ ತೆರೆದ ಕಡಲಡಿಯ ಸುರಂಗಗಳ ಮೂಲಕ ಹೊರ ದ್ವೀಪಗಳಿಗೆ ರಸ್ತೆ ಹೋಗುತ್ತದೆ, ವಿಗ್ರಾ ವಿಮಾನ ನಿಲ್ದಾಣಕ್ಕೂ ಅದೇ ದಾರಿ. ಗೂಡೊಯಾ ದ್ವೀಪದ ತುದಿಯ ಆಲ್ನೆಸ್ ಎಂಬ ಮೀನುಗಾರರ ಹಳ್ಳಿಯಲ್ಲಿ 1936ರ ಬಿಳಿ ಕೆಂಪು ಬಣ್ಣದ ಮರದ ದೀಪಸ್ತಂಭವಿದೆ, ಮೇಲೆ ಹತ್ತಲು ಬಿಡುತ್ತಾರೆ, ಕೆಳಗಿನ ಕೆಫೆಯಲ್ಲಿ ಕೇಕ್ ಚೆನ್ನಾಗಿದೆ. ಹೋಗುವ ದಾರಿಯಲ್ಲಿ ಗಿಸ್ಕೆ ದ್ವೀಪದ ಹನ್ನೆರಡನೆಯ ಶತಮಾನದ ಅಮೃತಶಿಲೆಯ ಚರ್ಚನ್ನೂ ಸೇರಿಸಿಕೊಳ್ಳಿ.

ಊಟದ ವಿಷಯದಲ್ಲಿ ಮೀನು ತಿನ್ನುವವರು ಭಾಗ್ಯವಂತರು. ಕಾಡ್ ಮೀನನ್ನು ಉಪ್ಪು ಹಾಕಿ ಒಣಗಿಸಿದ ಕ್ಲಿಪ್‌ಫಿಸ್ಕ್ ಈ ಊರಿನ ಹಳೆಯ ಸಂಪತ್ತು, ಪೋರ್ಚುಗಲ್, ಬ್ರೆಜಿಲ್‌ವರೆಗೂ ಇಲ್ಲಿಂದ ಹೋಗುತ್ತದೆ. ಅದನ್ನು ನೆನೆಸಿ, ಆಲೂಗಡ್ಡೆ, ಈರುಳ್ಳಿ, ಟೊಮೆಟೊ ಜೊತೆ ನಿಧಾನವಾಗಿ ಬೇಯಿಸಿದ ಬಕಲಾವ್ ಎಂಬ ಪದಾರ್ಥ ಸ್ವಲ್ಪ ಖಾರವಾಗಿಯೂ ಇರುವುದರಿಂದ ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ. ಬ್ರೂಸುಂಡೆಟ್ ದಡದ ಹೋಟೆಲುಗಳಲ್ಲಿ ಇದೂ, ಕೆನೆ ಹಾಕಿದ ಮೀನಿನ ಸೂಪೂ ಸಿಗುತ್ತವೆ. ಸಸ್ಯಾಹಾರಿಗಳಿಗೆ ಊರಿನೊಳಗೆ ಪಿಜ್ಜಾ, ಪಾಸ್ತಾ, ಏಷ್ಯಾದ ಅಡುಗೆಯ ಕೆಲವು ಹೋಟೆಲುಗಳಿವೆ, ಆದರೆ ಫಿಯೋರ್ಡ್ ಕಡೆಗೆ ಹೊರಟ ಮೇಲೆ ಬ್ರೆಡ್ಡು, ಆಲೂಗಡ್ಡೆ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊರಡುವುದೇ ಲೇಸು. ಹೊರಗಿನ ಊಟ ಎಲ್ಲಿ ತಿಂದರೂ ದುಬಾರಿ. ಹಾಗಾಗಿ ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಹಿಡಿದು, ಕಿವಿ, ರೆಮಾ 1000, ಕೂಪ್‌ನಂಥ ಸೂಪರ್ ಮಾರ್ಕೆಟ್‌ಗಳಿಂದ ಸಾಮಾನು ತಂದು, ಒಂದು ಹೊತ್ತಾದರೂ ಮನೆಯಲ್ಲಿಯೇ ಬೇಯಿಸಿಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ನಲ್ಲಿ ನೀರು ಕುಡಿಯಲು ಅತ್ಯುತ್ತಮ, ಬಾಟಲಿ ನೀರಿಗೆ ಹಣ ಸುರಿಯಬೇಕಾಗಿಲ್ಲ.

ಫೆರಿಯ ಮೇಲಿನ ಸ್ವೇಲೆಯನ್ನು ಬೇರೆಯಾಗಿಯೇ ಹೇಳಬೇಕು. ಈ ಜಿಲ್ಲೆಯ ಫೆರಿಗಳ ಕ್ಯಾಂಟೀನಿನಲ್ಲಿ ಬಿಸಿಬಿಸಿಯಾಗಿ ಮಾರುವ ಇದು ನೋಡಲು ದಪ್ಪನೆಯ ಸೆಟ್ ದೋಸೆಯಂತಿದ್ದು, ಒಳಗೆ ಬೆಣ್ಣೆ ಸಕ್ಕರೆ ಸವರಿ ಅಥವಾ ಕಂದು ಚೀಸಿನ ತೆಳು ಹಲ್ಲೆ ಇಟ್ಟು ಅರ್ಧಕ್ಕೆ ಮಡಚಿ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಗಮನಿಸಿ. ಕಂದು ಚೀಸು ಸಿಹಿಯಾಗಿಯೂ ಉಪ್ಪಾಗಿಯೂ ಇರುತ್ತದೆ. ಮೊದಲ ತುತ್ತಿಗೆ ವಿಚಿತ್ರವೆನಿಸಿ ಮೂರನೆಯ ತುತ್ತಿಗೆ ಇನ್ನೊಂದು ಬೇಕೆನಿಸುತ್ತದೆ. ಫೆರಿ ಹತ್ತಿದ ತಕ್ಷಣ ಕಾರಿನಿಂದ ಇಳಿದು ಮೇಲೆ ಹೋಗಿ, ದಾಟುವ ಹೊತ್ತು ಕಡಿಮೆ, ಸಾಲು ಬೇಗ ಬೆಳೆಯುತ್ತದೆ.

ತಲುಪುವ ಬಗೆಯನ್ನು ಚಿಕ್ಕದಾಗಿ ಹೇಳುವುದಾದರೆ, ಬೆಂಗಳೂರಿನಿಂದ ಯುರೋಪಿನ ಯಾವುದಾದರೂ ದೊಡ್ಡ ನಿಲ್ದಾಣದ ಮೂಲಕ ಓಸ್ಲೊ, ಅಲ್ಲಿಂದ ವಿಗ್ರಾಕ್ಕೆ ಒಂದು ತಾಸಿನ ವಿಮಾನ. ಷೆಂಗೆನ್ ವೀಸಾ ಬೇಕು. ಓಲೆಸುಂಡ್‌ಗೆ ರೈಲು ಇಲ್ಲ. ಆದರೆ ಸಮಯವಿದ್ದರೆ ಓಸ್ಲೊದಿಂದ ರೈಲಿನಲ್ಲಿ ದೊಂಬೋಸ್‌ಗೆ ಬಂದು, 1924ರಲ್ಲಿ ಪೂರ್ಣಗೊಂಡ ರೌಮಾ ಮಾರ್ಗದಲ್ಲಿ ಓಂಡಲ್ಸ್‌ನೆಸ್‌ಗೆ ಇಳಿದು, ಅಲ್ಲಿಂದ ಸುಮಾರು ಎರಡು ತಾಸು ಬಸ್ಸಿನಲ್ಲಿ ಬರುವುದನ್ನೇ ನಾನು ಹೇಳುವುದು. ಆ 114 ಕಿಲೋಮೀಟರ್‌ಗಳಲ್ಲಿ ರೈಲು ಕಣಿವೆಗೆ ಇಳಿಯುತ್ತಾ ಹೋಗುವಾಗ ಕಿಟಕಿಯಾಚೆ ಟ್ರೋಲ್‌ವೆಗ್ಗೆನ್ ಎಂಬ ಕಡಿದಾದ ಬಂಡೆಗೋಡೆ ಸಿಗುತ್ತದೆ. 1893ರಲ್ಲಿ ಶುರುವಾದ, ನಾರ್ವೆಯ ಕರಾವಳಿಯುದ್ದಕ್ಕೂ ಸರಕು, ಪ್ರಯಾಣಿಕರನ್ನು ಹೊತ್ತು ಸಾಗುವ ಹಡಗಿನ ಮಾರ್ಗವೂ ಇದೆ. ಹಿಂದಿನ ದಿನ ಬರ್ಗನ್ ಬಿಟ್ಟ ಹಡಗು ಮರುದಿನ ಬೆಳಿಗ್ಗೆ ಓಲೆಸುಂಡ್‌ಗೆ ಬರುತ್ತದೆ. ಕಾರು ಬಾಡಿಗೆಗೆ ಹಿಡಿಯುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತಂದಿರಲಿ, ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ವೇಗದ ಮಿತಿಯನ್ನು ಮೀರಿದರೆ ದಂಡ ಕಠಿಣ.

ಯಾವಾಗ ಹೋಗಬೇಕೆಂದರೆ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ. ಜೂನ್ 23ರ ಆಸುಪಾಸಿನಲ್ಲಿ ಸಂತ ಜಾನ್ ಹಬ್ಬಕ್ಕಾಗಿ ಸ್ಲಿನಿಂಗ್ಸ್ ಎಂಬಲ್ಲಿ ಊರಿನ ಹುಡುಗರು ಮರದ ಹಲಗೆಗಟ್ಟುಗಳನ್ನು ಕೈಯಿಂದಲೇ ಪೇರಿಸಿ ಗೋಪುರ ಕಟ್ಟಿ ಸುಡುತ್ತಾರೆ. 2016ರಲ್ಲಿ ಅದು 47 ಮೀಟರ್ ದಾಟಿ ವಿಶ್ವದಾಖಲೆಯಾಗಿತ್ತು. ಅಂದು ಊರಿನ ಅರ್ಧ ಜನ ದೋಣಿಗಳಲ್ಲಿರುತ್ತಾರೆ. ಆ ವಾರ ವಸತಿ ಸಿಗುವುದು ಕಷ್ಟ, ಮೊದಲೇ ಕಾದಿರಿಸಿ. ಎಷ್ಟು ದಿನ ಎಂದು ಕೇಳಿದರೆ ನಾಲ್ಕು ರಾತ್ರಿಗಿಂತ ಕಡಿಮೆ ಬೇಡ: ಊರಿಗೆ ಒಂದು ದಿನ, ಫೆರಿಗಳ ಸುತ್ತಿಗೆ ಒಂದು, ಬೆಟ್ಟಕ್ಕೋ ಆಲ್ನೆಸ್‌ಗೋ ಒಂದು, ಮಳೆಗೆ ಒಂದು ಎಂದು ಮೀಸಲಿಡಬೇಕು.

ಐದನೆಯ ದಿನ ಹೊಂದಿಸಿಕೊಳ್ಳಲು ಸಾಧ್ಯವಿರುವವರು ಸುಲೆಸುಂಡ್‌ನಿಂದ ಹರೈಡ್‌ಗೆ ಫೆರಿ ದಾಟಿ ರುಂಡೆ ದ್ವೀಪಕ್ಕೆ ಹೋಗಲಿ. 1725ರಲ್ಲಿ ಪೂರ್ವ ದೇಶಗಳ ವ್ಯಾಪಾರಕ್ಕೆಂದು ಹೊರಟಿದ್ದ ಡಚ್ ಹಡಗು ಅಕೆರೆಂದಾಮ್ ಈ ದ್ವೀಪದ ಬಂಡೆಗೆ ಬಡಿದು ಮುಳುಗಿತ್ತು, ಅದರ ಚಿನ್ನ ಬೆಳ್ಳಿಯ ನಾಣ್ಯಗಳು 1972ರಲ್ಲಿ ಮುಳುಗುಗಾರರ ಕಣ್ಣಿಗೆ ಬಿದ್ದವು. ಇಂದು ಜನ ಹೋಗುವುದು ಹಕ್ಕಿಗಳಿಗಾಗಿ. ಬಣ್ಣದ ಕೊಕ್ಕಿನ ಕಡಲ ಹಕ್ಕಿಗಳಾದ ಪಫಿನ್‌ಗಳು ಹಗಲೆಲ್ಲ ಕಡಲಲ್ಲಿದ್ದು ಸಂಜೆಯ ಹೊತ್ತಿಗೆ ಬಂಡೆಯಂಚಿನ ಬಿಲಗಳಿಗೆ ಮರಳುವುದರಿಂದ ಮಧ್ಯಾಹ್ನದ ನಂತರ ಹತ್ತಲು ಶುರುಮಾಡಬೇಕು, ಗುರುತು ಮಾಡಿದ ದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡಬಾರದು, ಏಕೆಂದರೆ ಹುಲ್ಲಿನ ಕೆಳಗೇ ಅವುಗಳ ಗೂಡು. ಆಗಸ್ಟ್ ಬಂದಂತೆ ಅವು ಮತ್ತೆ ನಡುಗಡಲಿಗೆ ಹೊರಟುಬಿಡುತ್ತವೆ. ಆದ್ದರಿಂದ ಹಕ್ಕಿ ನೋಡುವ ಆಸೆಯಿರುವವರು ವಿಮಾನದ ಟಿಕೆಟ್ಟನ್ನು ಜುಲೈ ಮೂರನೆಯ ವಾರದೊಳಗಿನ ದಿನಕ್ಕೆ ತೆಗೆಸಬೇಕು.